ಗಾಣದ ರೋಲರ್‌ಗೆ ಕೆ20, ಶಾಫ್ಟ್‌ಗೆ ಪಿ30: ಕಾರ್ಬೈಡ್ ಟೂಲ್‌ಗಳ ಬಳಕೆಯ ವಿಮರ್ಶೆ

ಮಂಡ್ಯದ ಸುತ್ತಲಿನ ಆಲೆಮನೆಗಳಿಂದ ನಮ್ಮ ಲೇತ್ ವರ್ಕ್‌ಶಾಪ್‌ಗೆ ಹೆಚ್ಚಾಗಿ ಬರುವುದು ಎರಡು ಕೆಲಸ: ಕಬ್ಬು ಅರೆಯುವ ಗಾಣದ ಬೀಡುಕಬ್ಬಿಣದ ರೋಲರ್‌ಗಳನ್ನು ಟರ್ನಿಂಗ್ ಮಾಡಿ (ಲೇತ್‌ನಲ್ಲಿ ತಿರುಗಿಸುತ್ತಾ ಕೆತ್ತಿ) ಸರಿಪಡಿಸುವುದು, ಅವುಗಳ ಉಕ್ಕಿನ ಶಾಫ್ಟ್‌ಗಳನ್ನು ಹೊಸದಾಗಿ ಮಾಡಿಕೊಡುವುದು. ಇವೆರಡಕ್ಕೂ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಅಂಗಡಿಯೊಂದರಿಂದ ತಂದ, ನಮ್ಮವರು ಇಂದಿಗೂ ವಿಡಿಯಾ ಟೂಲ್ ಎಂದೇ ಕರೆಯುವ, ಉಕ್ಕಿನ ಹಿಡಿಗೆ ಕಾರ್ಬೈಡ್ ತುಣುಕನ್ನು (ಟಿಪ್) ಬ್ರೇಜ್ ಮಾಡಿದ, ಅಂದರೆ ಬೆಸೆದ, ಕೆ20 (ಬೀಡಿನ ದರ್ಜೆ) ಮತ್ತು ಪಿ30 (ಉಕ್ಕಿನ ದರ್ಜೆ) ಟೂಲ್‌ಗಳ ಬಗ್ಗೆ ಈ ಬರಹ.

ಕೆ20ರಲ್ಲಿ ಸಾಮಾನ್ಯವಾಗಿ ಶೇ. 94ರಷ್ಟು ಟಂಗ್‌ಸ್ಟನ್ ಕಾರ್ಬೈಡ್, ಶೇ. 6ರಷ್ಟು ಕೋಬಾಲ್ಟ್ ಇರುತ್ತದೆ. ಇಟ್ಟಿಗೆಗಳ ನಡುವಿನ ಗಾರೆಯಂತೆ ಕೋಬಾಲ್ಟ್ ಕಾರ್ಬೈಡ್ ಕಣಗಳನ್ನು ಹಿಡಿದಿಡುತ್ತದೆ. ಅದು ಕಡಿಮೆಯಾದಷ್ಟು, ಕಣ ಸಣ್ಣದಾದಷ್ಟು, ಟಿಪ್ ಗಡಸಾಗಿ ಸವೆತವನ್ನು ತಡೆಯುತ್ತದೆ, ಆದರೆ ಪೆಟ್ಟು ತಾಳುವ ಗುಣ ಕುಗ್ಗುತ್ತದೆ. ಬೀಡು ಪುಡಿಪುಡಿಯಾಗಿ ಉದುರುವುದರಿಂದ ಅಲ್ಲಿನ ಸವೆತವೆಲ್ಲ ಅಲಗಿನ ಕೆಳಬದಿಯ ಉಜ್ಜಾಟದ್ದು. ಎರಕದ ಮರಳು ಅಂಟಿದ ಮೇಲ್ಪದರದ ಕೆಳಗೇ ಮೊದಲ ಕಟ್ ಇಳಿಸಿದರೆ ಕೆ20 ಈ ಕೆಲಸವನ್ನು ಬಹಳ ಚೆನ್ನಾಗಿ ನಿಭಾಯಿಸುತ್ತದೆ.

ಅದೇ ಟೂಲನ್ನು ಉಕ್ಕಿನ ಶಾಫ್ಟ್‌ಗೆ ಹಚ್ಚಿದರೆ ಕಥೆಯೇ ಬೇರೆ. ಕೆಂಡದಂತೆ ಕಾದ ಉದ್ದನೆಯ ಚಿಪ್ (ಕೆತ್ತಿ ಬರುವ ಉಕ್ಕಿನ ಸಿಪ್ಪೆ) ಟಿಪ್‌ನ ಮೇಲ್ಮೈಗೆ ಒತ್ತಿಕೊಂಡೇ ಜಾರುವಾಗ ಟಂಗ್‌ಸ್ಟನ್ ಕಾರ್ಬೈಡ್ ನಿಧಾನವಾಗಿ ಆ ಉಕ್ಕಿನೊಳಗೆ ಕರಗಿಹೋಗುತ್ತದೆ. ಅಲಗಿನಿಂದ ತುಸು ಹಿಂದೆ ಉಗುರು ಆಡಿಸಿದರೆ ಸಿಕ್ಕುವಷ್ಟು ಆಳದ ಕುಳಿ ಬಿದ್ದು, ಕೊನೆಗೆ ಅಲಗೇ ಮುರಿಯುತ್ತದೆ. ಪಿ30ರಲ್ಲಿ ಟೈಟಾನಿಯಂ ಮತ್ತು ಟ್ಯಾಂಟಲಂ ಕಾರ್ಬೈಡ್ ಬೆರೆಸುವುದು ಈ ಕಾರಣಕ್ಕೇ. ಟೈಟಾನಿಯಂ ಕಾರ್ಬೈಡ್ ಬಿಸಿ ಉಕ್ಕಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಟ್ಯಾಂಟಲಂ ಕಾರ್ಬೈಡ್ ಬಿಸಿಯಲ್ಲೂ ಗಡಸುತನವನ್ನು ಉಳಿಸಿಕೊಳ್ಳಲು ನೆರವಾಗುತ್ತದೆ. ಟೈಟಾನಿಯಂ ಹೆಚ್ಚಾದಂತೆ ಟಿಪ್ ಪೆಡಸಾಗುತ್ತದೆ ಎಂಬುದು ನಿಜವಾದರೂ ಏಕಸಮನಾಗಿ ಸಾಗುವ ಶಾಫ್ಟ್ ಟರ್ನಿಂಗ್‌ನಲ್ಲಿ ಅದು ತೊಂದರೆ ಕೊಡಲಿಲ್ಲ.

ಶ್ಯಾಂಕ್‌ನ (ಟೂಲಿನ ಹಿಡಿಯ) ತುದಿಯ ನೀಲಿ ಬಣ್ಣ ಉಕ್ಕಿನ ದರ್ಜೆಯನ್ನೂ, ಕೆಂಪು ಬೀಡಿನ ದರ್ಜೆಯನ್ನೂ ಸೂಚಿಸುತ್ತದೆ. ಈ ಅಕ್ಷರ, ಅಂಕಿಗಳು ಹೇಳುವುದು ಬಳಕೆಯನ್ನು ಮಾತ್ರ. ಒಳಗಿನ ಮಿಶ್ರಣ ಪ್ರತಿ ತಯಾರಕರದೂ ಬೇರೆ. ಆದ್ದರಿಂದ ಕೊಳ್ಳುವಾಗ ಕೋಬಾಲ್ಟ್ ಎಷ್ಟು, ಕಣದ ಗಾತ್ರ ಯಾವುದು ಎಂದು ಕೇಳುವುದು ಅಗತ್ಯ, ಮತ್ತು ಈ ಅಂಗಡಿಯವರು ಬೇಸರಿಸದೆ ತಯಾರಕರ ಹಾಳೆಯನ್ನೇ ತೆಗೆದು ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಸಾಣೆ ಹಿಡಿಯಲು ಹಸಿರು (ಸಿಲಿಕಾನ್ ಕಾರ್ಬೈಡ್) ವೀಲ್ ಬೇಕು. ಕಾದ ಟಿಪ್ಪನ್ನು ನೀರಿಗೆ ಅದ್ದಿದರೆ ಸೀಳು ಬಿಡುತ್ತದೆ.

ಒಂದು ಕೊರತೆಯಿದೆ. ಕಬ್ಬಿನೊಂದಿಗೆ ಕಲ್ಲು ಸಿಕ್ಕಿ ಚಕ್ಕೆ ಎದ್ದಿರುವ ರೋಲರ್‌ಗಳಲ್ಲಿ ಪ್ರತಿ ಸುತ್ತಿಗೂ ಅಲಗಿಗೆ ಪೆಟ್ಟು ಬೀಳುವುದರಿಂದ ಕೆ20 ಅಂಚು ಉದುರುತ್ತದೆ. ಅಂಥ ಕೆಲಸಕ್ಕೆ ಕೋಬಾಲ್ಟ್ ಹೆಚ್ಚಿರುವ ಕೆ30 ತರಿಸಿ, ವೇಗ ತಗ್ಗಿಸಿ ಓಡಿಸುವುದು ಮೇಲು.