ರಾಯಚೂರಿನ ಬಿಸಿಲಲ್ಲಿ ಆರೂವರೆ ವರ್ಷ: ಥಿಂಕ್‌ಪ್ಯಾಡ್ ಟಿ480 ಮತ್ತು ಅದರ ಎರಡು ಬ್ಯಾಟರಿ

ಈ ಲ್ಯಾಪ್‌ಟಾಪ್ ತಗೊಂಡಿದ್ದು 2019ರ ಸಂಕ್ರಾಂತಿ ಮುಗಿದ ವಾರ. ನನ್ನದು ಲೆಕ್ಕಪತ್ರದ ಕೆಲಸ. ಗಂಜ್‌ನ ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ಟ್ಯಾಲಿ, ಎಕ್ಸೆಲ್, ಬ್ರೌಸರ್ ಬಿಟ್ಟರೆ ಬೇರೇನೂ ಓಡಿಸುವುದಿಲ್ಲ. ಹಾಗಾಗಿ ಇದರ ವೇಗ, ಪರದೆ, ಕೀಬೋರ್ಡ್ ಬಗ್ಗೆ ಹೇಳುವುದು ಕಡಿಮೆ. ಕೀಬೋರ್ಡ್ ಚೆನ್ನಾಗಿದೆ, ಪರದೆ ಸುಮಾರು, ಅಷ್ಟೇ. ಬರೆಯಬೇಕಾದ್ದು ಬ್ಯಾಟರಿ ಬಗ್ಗೆ. ಯಾಕಂದ್ರೆ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ವರ್ಷಕ್ಕೆ ಸತ್ತೇ ಹೋಗುತ್ತೆ ಅಂತ ನಾನೂ ನಂಬಿದ್ದೆ.

ಟಿ480ಯಲ್ಲಿ ಬ್ಯಾಟರಿ ಎರಡಿವೆ. ಒಂದು ಒಳಗೆ, ಅಂಗೈ ಇಡುವ ಜಾಗದ ಕೆಳಗೆ, 24 ವ್ಯಾಟ್-ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನುವ ಅಳತೆ). ಇನ್ನೊಂದು ಹಿಂದೆ, ಎರಡು ಕೊಂಡಿ ಸರಿಸಿದರೆ ಕೈಗೆ ಬರುವಂಥದ್ದು. ನನ್ನದು 48 ವ್ಯಾಟ್-ಅವರ್‌ನದು. ಕರೆಂಟ್ ಇಲ್ಲದಾಗ ಮೊದಲು ಹಿಂದಿನದು ಖರ್ಚಾಗುತ್ತದೆ, ಆಮೇಲೆ ಒಳಗಿನದು. ಅಂದರೆ ದುಡಿಯುವುದೆಲ್ಲ ಹಿಂದಿನದೇ. ಒಳಗಿನದು ಮನೆಯ ಹಿರಿಯಣ್ಣನ ಹಾಗೆ, ತೀರಾ ಅಗತ್ಯ ಬಿದ್ದಾಗ ಮಾತ್ರ ಏಳುತ್ತದೆ.

ಮೊದಲ ಎರಡು ವರ್ಷ ಎಲ್ಲರ ಹಾಗೇ ಬಳಸಿದೆ. ಚಾರ್ಜರ್ ಯಾವಾಗಲೂ ಸಿಕ್ಕಿಸಿಯೇ ಇರುತ್ತಿತ್ತು. ಲಾಕ್‌ಡೌನ್ ಬಂದ ಮೇಲಂತೂ ಬೆಳಗ್ಗೆಯಿಂದ ರಾತ್ರಿವರೆಗೆ ಚಾರ್ಜ್ ಶೇಕಡಾ 100ರಲ್ಲೇ ಕೂತಿತ್ತು. ಅದೇ ಹೊತ್ತಿಗೆ ತಮ್ಮನ ಲ್ಯಾಪ್‌ಟಾಪಿಗೆ ಒಂದು ಗತಿ ಬಂತು. ಕಂಪನಿ ಹೆಸರು ಬೇಡ, ಬೇರೆಯದು. ಟಚ್‌ಪ್ಯಾಡ್ ಒತ್ತಿದರೆ ಟಕ್ ಅನ್ನುತ್ತಿರಲಿಲ್ಲ. ಧೂಳು ಹೋಗಿದೆ ಅಂತ ಅವನು ವಾರಗಟ್ಟಲೆ ಊದಿದ್ದೇ ಊದಿದ್ದು. ಒಂದು ದಿನ ಮೇಜಿನ ಮೇಲೆ ಇಟ್ಟರೆ ಒಂದು ಕಾಲು ಗಿಡ್ಡ ಇರುವ ಸ್ಟೂಲಿನ ಹಾಗೆ ಅಲ್ಲಾಡಿತು. ರಿಪೇರಿ ಹುಡುಗ ಕೈಗೆ ತಗೊಂಡವನೇ ಹೇಳಿದ: "ಸರ್, ಇದರ ಬ್ಯಾಟರಿ ಉಬ್ಬೇತ್ರಿ. ಇನ್ನ ಚಾರ್ಜಿಗೆ ಹಚ್ಚಬ್ಯಾಡ್ರಿ." ಕೆಳಗಿನ ಮುಚ್ಚಳ ತೆಗೆದಾಗ ನೋಡಿದೆ. ತೆಳ್ಳಗೆ ಇರಬೇಕಾದ ಬ್ಯಾಟರಿ ಪೂರಿ ಹಾಗೆ ಊದಿಕೊಂಡು ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. ಒಳಗಿನ ರಾಸಾಯನಿಕ ಕೆಟ್ಟು ಗ್ಯಾಸ್ ತುಂಬಿಕೊಂಡರೆ ಹೀಗಾಗುತ್ತದೆ. ಅದನ್ನು ಒತ್ತಬಾರದು, ಚುಚ್ಚಬಾರದು, ಬೆಂಕಿ ಹತ್ತಬಹುದು. ಕಸದ ಬುಟ್ಟಿಗೂ ಹಾಕಬಾರದು, ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಬೇಕು.

"ಎಷ್ಟು ದಿನದಿಂದ ಹಿಂಗೇ ಹಚ್ಚಿಟ್ಟೀರಿ?" ಅಂತ ಅವನು ಕೇಳಿದ. ತಮ್ಮ ನನ್ನ ಮುಖ ನೋಡಿದ. ನಾನು ನನ್ನ ಥಿಂಕ್‌ಪ್ಯಾಡ್ ನೆನೆಸಿಕೊಂಡೆ.

ಮನೆಗೆ ಬಂದು ಮೊದಲ ಸಲ ಲೆಕ್ಕ ತೆಗೆದೆ. ಇದಕ್ಕೆ ಯಾವ ಆ್ಯಪೂ ಬೇಡ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಕಮಾಂಡಿಗೆ ಬ್ಯಾಟರಿ ರಿಪೋರ್ಟ್ ಕೇಳಿದರೆ ಒಂದು ಪುಟ ಬರುತ್ತದೆ. ಅದರಲ್ಲಿ ಎರಡು ಅಂಕಿ ನೋಡಿದರೆ ಸಾಕು: ಹೊಸದಿದ್ದಾಗ ಎಷ್ಟು ಹಿಡಿಯಬೇಕಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ. 2021ರ ಜನವರಿಯಲ್ಲಿ ನನ್ನ ಹಿಂದಿನ ಬ್ಯಾಟರಿ 47.5 ವ್ಯಾಟ್-ಅವರ್‌ನಿಂದ 37.8ಕ್ಕೆ ಇಳಿದಿತ್ತು. ಎರಡೇ ವರ್ಷಕ್ಕೆ ಐದರಲ್ಲೊಂದು ಭಾಗ ಹೋಗಿತ್ತು! ಒಳಗಿನದು ಹೆಚ್ಚು ಕೆಲಸ ಮಾಡದಿದ್ದರೂ 19.9ಕ್ಕೆ ಬಂದಿತ್ತು. ಇದೇ ನನಗೆ ಅಚ್ಚರಿಯಾದದ್ದು. ದುಡಿಯದವನು ಯಾಕೆ ಸೊರಗಿದ?

ಓದಿ ನೋಡಿದಾಗ ಗೊತ್ತಾಯಿತು. ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಸುಮ್ನೆ ಕೂತರೂ ಸವೆಯುತ್ತದೆ. ಕೂತಾಗ ಎಷ್ಟು ಬೇಗ ಸವೆಯುತ್ತದೆ ಅನ್ನುವುದು ಎರಡರ ಮೇಲೆ ನಿಂತಿದೆ: ಎಷ್ಟು ತುಂಬಿದೆ, ಎಷ್ಟು ಬಿಸಿಯಾಗಿದೆ. ಸಾಮಾನ್ಯವಾಗಿ ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್‌ನಲ್ಲಿರುತ್ತದೆ, 80ರಷ್ಟು ತುಂಬಿದ್ದು 4 ವೋಲ್ಟ್ ಆಸುಪಾಸಿನಲ್ಲಿ. ಅಷ್ಟು ಸಣ್ಣ ವ್ಯತ್ಯಾಸದಲ್ಲೇ ಒಳಗಿನ ಒತ್ತಡ ಬಹಳ ತಗ್ಗುತ್ತದೆ. ಅದರ ಮೇಲೆ ನಮ್ಮೂರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೋಣೆ, ಕೆಳಗಿನಿಂದ ಪ್ರೊಸೆಸರ್ ಶಾಖ, ಬ್ಯಾಟರಿ 100ರಲ್ಲಿ. ಬಿಸಿಲಲ್ಲಿ ಹೊಟ್ಟೆಬಿರಿಯ ಉಂಡು ಕೂತ ಹಾಗಲ್ವಾ?

ಅವತ್ತೇ ಥಿಂಕ್‌ಪ್ಯಾಡ್ ಮಾಡುವ ಲೆನೊವೊದವರ ವ್ಯಾಂಟೇಜ್ ಆ್ಯಪ್ ತೆರೆದು ಮಿತಿ ಹಾಕಿದೆ. 75ಕ್ಕಿಂತ ಇಳಿದರೆ ಚಾರ್ಜ್ ಶುರು, 80ಕ್ಕೆ ನಿಲ್ಲು. ಎರಡೂ ಬ್ಯಾಟರಿಗೂ ಹಾಕಿದೆ. ಚಾರ್ಜರ್ ಸಿಕ್ಕಿಸಿಯೇ ಇರಲಿ, ಪರವಾಗಿಲ್ಲ. 80 ಮುಟ್ಟಿದ ಮೇಲೆ ಲ್ಯಾಪ್‌ಟಾಪ್ ನೇರ ಕರೆಂಟಿನಲ್ಲಿ ಓಡುತ್ತದೆ. ಇದು ಥಿಂಕ್‌ಪ್ಯಾಡಿಗೆ ಮಾತ್ರ ಇರುವ ಸೌಲಭ್ಯವಲ್ಲ. ಆಸುಸ್‌ನವರ ಮೈಆಸುಸ್‌ನಲ್ಲಿದೆ, ಡೆಲ್‌ನ ಪವರ್ ಸೆಟ್ಟಿಂಗ್‌ನಲ್ಲಿದೆ, ಎಚ್‌ಪಿಯ ಹಲವು ಮಾಡೆಲ್‌ಗಳಲ್ಲಿ ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್) ಒಳಗಿದೆ. ಲಿನಕ್ಸ್ ಬಳಸುವವರು ಟಿಎಲ್‌ಪಿ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ಬೇಜಾರೆಂದರೆ ಲ್ಯಾಪ್‌ಟಾಪ್ ಮಾರುವಾಗ ಇದನ್ನು ಯಾರೂ ಹೇಳುವುದಿಲ್ಲ. ಬ್ಯಾಗ್ ಫ್ರೀ, ಮೌಸ್ ಫ್ರೀ ಅಂತ ಮಾತ್ರ ಹೇಳುತ್ತಾರೆ.

ಅಲ್ಲಿಂದ ಪ್ರತಿ ಜನವರಿ ಡೈರಿಯ ಕೊನೆ ಪುಟದಲ್ಲಿ ಅಂಕಿ ಬರೆದಿಡುತ್ತೇನೆ. ಹಿಂದಿನ ಬ್ಯಾಟರಿ 2023ರಲ್ಲಿ 35.6, 2025ರಲ್ಲಿ 33.4. ಒಳಗಿನದು 19.1, ಆಮೇಲೆ 18.4. ಮೊದಲ ಎರಡು ವರ್ಷಕ್ಕೆ ಸುಮಾರು 10 ಕಳಕೊಂಡದ್ದು, ಮುಂದಿನ ನಾಲ್ಕು ವರ್ಷಕ್ಕೆ ನಾಲ್ಕೂವರೆಯಷ್ಟು ಮಾತ್ರ ಕಳಕೊಂಡಿದೆ. ಇದು ಪ್ರಯೋಗಾಲಯದ ಲೆಕ್ಕ ಅಲ್ಲ, ಗೊತ್ತು. ಹೊಸ ಬ್ಯಾಟರಿ ಶುರುವಿನಲ್ಲಿ ಹೇಗೂ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಜೊತೆಗೆ ಲ್ಯಾಪ್‌ಟಾಪನ್ನು ಕಿಟಕಿ ಪಕ್ಕದಿಂದ ಕೂಲರ್ ಗಾಳಿ ಬರುವ ಮೂಲೆಗೆ ಸರಿಸಿದ್ದೆ, ಹಾಸಿಗೆ ಮೇಲಿಟ್ಟು ಕೆಲಸ ಮಾಡುವುದೂ ನಿಲ್ಲಿಸಿದ್ದೆ. ಎಲ್ಲ ಸೇರಿ ಆದದ್ದು.

ಈಗ ಈ 80ರ ಮಿತಿಯ ಕಷ್ಟ ಹೇಳುತ್ತೇನೆ, ಯಾಕಂದ್ರೆ ಇದನ್ನು ಹೊಗಳುವವರು ಅದನ್ನು ಮುಚ್ಚಿಡುತ್ತಾರೆ. 80ಕ್ಕೆ ನಿಲ್ಲಿಸಿದರೆ ಕರೆಂಟ್ ಹೋದಾಗ ಐದರಲ್ಲೊಂದು ಭಾಗ ಕೈಯಲ್ಲಿರುವುದಿಲ್ಲ. ಪಕ್ಕದ ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತೆ, ಆದರೂ ಕರೆಂಟ್ ಹೋಗುವುದು ಹೋಗೇ ಹೋಗುತ್ತೆ. ತಿಂಗಳ 11 ಮತ್ತು 20ನೇ ತಾರೀಕು ಜಿಎಸ್‌ಟಿ ರಿಟರ್ನ್ ತುಂಬುವ ಕೊನೆ ದಿನಗಳು, ನಮ್ಮಂಥವರಿಗೆ ಪರೀಕ್ಷೆ ಇದ್ದ ಹಾಗೆ. ಒಂದು ಸಲ 20ರ ಸಂಜೆ 3ಬಿ ರಿಟರ್ನ್ ತುಂಬುತ್ತಿದ್ದೆ. ಕರೆಂಟ್ ಹೋಗಿ ಎರಡು ಗಂಟೆಯಾಗಿತ್ತು. ಮೂಲೆಯಲ್ಲಿ ಇನ್ನೂ 19 ತೋರಿಸುತ್ತಿತ್ತು. ಒಟಿಪಿ ಬಂತು, ನಾಲ್ಕು ಅಂಕಿ ಒತ್ತಿದೆ, ಪರದೆ ಕಪ್ಪಾಯಿತು. ಉಳಿದ ಎರಡು ಅಂಕಿ ಯಾರಿಗೆ ಒತ್ತಲಿ?

ಇದು ಬ್ಯಾಟರಿಯ ತಪ್ಪಲ್ಲ, ಅದನ್ನು ಅಳೆಯುವ ಮೀಟರಿನದು. ತಿಂಗಳುಗಟ್ಟಲೆ 75 ಮತ್ತು 80ರ ನಡುವೆಯೇ ಇದ್ದರೆ ತಳ ಎಲ್ಲಿದೆ ಅನ್ನುವ ಅಂದಾಜು ತಪ್ಪುತ್ತದೆ. ವ್ಯಾಂಟೇಜ್‌ನಲ್ಲಿ ಬ್ಯಾಟರಿ ಗೇಜ್ ರೀಸೆಟ್ ಅಂತ ಒಂದು ಬಟನ್ ಇದೆ. ಅದು ಪೂರ್ತಿ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸುತ್ತದೆ. ಒತ್ತಿ ಮಲಗಿದರೆ ಬೆಳಗ್ಗೆಗೆ ಸರಿಹೋಗಿರುತ್ತದೆ. ಈಗ ನಾಲ್ಕೈದು ತಿಂಗಳಿಗೊಮ್ಮೆ ಮಾಡುತ್ತೇನೆ. ಇದರಿಂದ ಬ್ಯಾಟರಿಗೆ ಆಯಸ್ಸು ಬರುವುದಿಲ್ಲ, ಅಂಕಿ ಮಾತ್ರ ನಿಜವಾಗುತ್ತದೆ. "ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕ್ಬೇಕು" ಅನ್ನುವ ಹಿರಿಯರ ಮಾತು ಹಳೆ ನಿಕ್ಕಲ್ ಬ್ಯಾಟರಿ ಕಾಲದ್ದು. ಲಿಥಿಯಂಗೆ ದಿನಾ ಅದನ್ನು ಮಾಡಿದರೆ ಹಾನಿಯೇ.

11 ಮತ್ತು 20ರ ಹಿಂದಿನ ರಾತ್ರಿ ಮಿತಿ ತೆಗೆದು 100 ಮಾಡಿಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ವಾಪಸ್ 80. ಮರೆತು ವಾರಗಟ್ಟಲೆ 100ರಲ್ಲೇ ಬಿಟ್ಟದ್ದೂ ಉಂಟು. ಅದಕ್ಕೇನೂ ಆಕಾಶ ಕಳಚಿ ಬೀಳಲಿಲ್ಲ. ಇದನ್ನು ವ್ರತದ ಹಾಗೆ ಪಾಲಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಬ್ಯಾಟರಿ ಇರುವುದು ನಮ್ಮ ಕೆಲಸಕ್ಕೆ.

ನಡುವೆ ಒಂದು ದಡ್ಡತನ ಮಾಡಿದೆ. 2022ರಲ್ಲಿ ಹಿಂದಿನ ಬ್ಯಾಟರಿಗೆ ಜೋಡಿ ಇರಲಿ ಅಂತ ಆನ್‌ಲೈನ್‌ನಲ್ಲಿ ಅರ್ಧ ಬೆಲೆಯದ್ದು ತರಿಸಿದೆ. ಚೀಟಿಯಲ್ಲಿ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತೂ ಇಲ್ಲ, ಆರ್ ಅಕ್ಷರದ ನೋಂದಣಿ ಸಂಖ್ಯೆಯೂ ಇಲ್ಲ, ತಯಾರಾದ ತಾರೀಕೂ ಇಲ್ಲ. ಮೊದಲ ತಿಂಗಳು ಚೆನ್ನಾಗಿತ್ತು. ಎಂಟನೇ ತಿಂಗಳಿಗೆ 40ರಿಂದ ನೇರ ಸೊನ್ನೆಗೆ ಹಾರುತ್ತಿತ್ತು. ವಾಪಸ್ ಅಂದರೆ ಮಾರಿದವನ ಫೋನ್ ಸ್ವಿಚ್ಡ್ ಆಫ್. ಅಸಲಿ ತಗೊಂಡರೂ ತಾರೀಕು ನೋಡಿ, ಗೋದಾಮಿನಲ್ಲಿ ಮೂರು ವರ್ಷ ಕೂತ ಬ್ಯಾಟರಿ ಹೊಸದಲ್ಲ.

ಊರಿಗೆ ಹೋಗಿ ತಿಂಗಳು ಬರದಿದ್ದರೆ ಅರ್ಧ ಚಾರ್ಜ್ ಮಾಡಿ, ಆರಿಸಿ, ಹಿಂದಿನ ಬ್ಯಾಟರಿ ಬಿಚ್ಚಿ, ಬಿಸಿಲು ಬೀಳದ ಅಲಮಾರಿಯಲ್ಲಿ ಇಡುತ್ತೇನೆ. ಬಂದು ನೋಡಿದರೆ ಒಂದೆರಡು ಅಂಕಿ ಮಾತ್ರ ಇಳಿದಿರುತ್ತದೆ.

ಇವತ್ತಿಗೆ ಟ್ಯಾಲಿ ಮತ್ತು ಬ್ರೌಸರ್ ಇಟ್ಟುಕೊಂಡು, ಬೆಳಕು ಕಡಿಮೆ ಮಾಡಿ, 80ರಿಂದ ಶುರು ಮಾಡಿದರೆ ಮೂರೂವರೆ ಗಂಟೆ ಬರುತ್ತದೆ. ಹೊಸದಿದ್ದಾಗ 100ರಿಂದ ಏಳು ಬರುತ್ತಿತ್ತು. ಇದರ ನಂತರ ಬಂದ ಟಿ490ಯಲ್ಲಿ ಹಿಂದಿನ ಬ್ಯಾಟರಿಯನ್ನೇ ತೆಗೆದುಬಿಟ್ಟರು, ಎಲ್ಲ ಒಳಗೇ. ಹಾಗಾಗಿ ಹೊಸ ಲ್ಯಾಪ್‌ಟಾಪ್ ವಿಚಾರ ಬಿಟ್ಟು, ಹಿಂದಿನದಕ್ಕೊಂದು ಅಸಲಿ ಬ್ಯಾಟರಿ ಹೇಳಿಟ್ಟಿದ್ದೇನೆ. ಬಂದ ದಿನವೇ 80ಕ್ಕೆ ಮಿತಿ ಹಾಕುವುದು, ಡೈರಿಯಲ್ಲಿ ಹೊಸ ಪುಟ ತೆಗೆಯುವುದು.