ಸ್ಟೋರಿವೀವರ್: ಎರಡು ವರ್ಷ ನಮ್ಮ ಸಾಲಿಯೊಳಗ ಬಳಸಿದ ಮ್ಯಾಲೆ ಬರ್ಯಾಕತ್ತೀನಿ

ಮಸ್ಕಿ ತಾಲೂಕಿನ ಒಂದು ಹಳ್ಳಿಯೊಳಗ ಸರ್ಕಾರಿ ಹಿರಿಯ ಪ್ರಾಥಮಿಕ ಸಾಲಿ, ಅಲ್ಲಿ ಆರು ಏಳನೇತ್ತೆ ಹುಡುಗ್ರಿಗೆ ಕನ್ನಡ ಕಲಸ್ತೀನ್ರಿ. ಯಾರೋ ಪುಣ್ಯಾತ್ಮರು ಕೊಟ್ಟ ಐದು ಹಳೇ ಕಂಪ್ಯೂಟರ್ ಅದಾವ, ಅದರಾಗ ಮೂರು ನಡಿತಾವ, ಕರೆಂಟ್ ಇದ್ದಾಗ. ಇಷ್ಟರಾಗ ಸ್ಟೋರಿವೀವರ್ ಅನ್ನೋ ಮಕ್ಕಳ ಕಥಿ ಸೈಟು ಬಳಸಿ ಓದು ಕಲಸಿದ್ರ ಏನ್ ಆತು ಅಂತ ಬರೀತೀನಿ, ಯಾಕಂದ್ರ ನಮ್ಮಂಥ ಸಾಲಿಯ ಮಾಸ್ತರು ಟೀಚರು ಬಾಳ ಮಂದಿ ಕೇಳಾಕತ್ತಾರ.

ಮೊದ್ಲು ತೊಂದ್ರಿ ಏನಿತ್ತು ಅಂತ ಹೇಳ್ಬೇಕು. ಏಳನೇತ್ತೆ 34 ಹುಡುಗ್ರು, ಅದರಾಗ ಹನ್ನೊಂದ್ ಹನ್ನೆರಡು ಮಕ್ಳು ಅಕ್ಷರಾ ಗೊತ್ತಿದ್ರೂ ಓದ್ತಿರಲಿಲ್ಲ. ಅಂದ್ರ ಒಂದೊಂದ ಅಕ್ಷರ ಕೂಡಿಸ್ಕೋತ ಕೂಡಿಸ್ಕೋತ ಹೋಗಿ ಒತ್ತಕ್ಷರ ಬಂದಲ್ಲಿ ನಿಂತು, ಸಾಲು ಮುಗಿಯೋದ್ರಾಗ ಸಾಲಿನ ಸುರುವಿಗೆ ಏನಿತ್ತು ಅನ್ನೋದನ್ನ ಮರ್ತಬಿಡ್ತಿದ್ವು. ಲಕ್ಷ್ಯ ಎಲ್ಲಾ ಅಕ್ಷರದ ಮ್ಯಾಲೇ ಖರ್ಚಾಗಿ ಹೋದ್ರ ಅರ್ಥಕ್ಕ ಏನೂ ಉಳ್ಯಂಗಿಲ್ಲ. ಇಂಥ ಮಕ್ಳಿಗೆ ಪಾಠದ ಮ್ಯಾಲೆ ಪಾಠ ಓದ್ಸಿದ್ರ ಅವು ಹೆದರ್ತಾವ, ಹೊರ್ತು ಕಲಿಯಂಗಿಲ್ಲ. ಹತ್ತಿ ಬಿಡಿಸೋ ಸುಗ್ಗಿಯಾಗ ತಿಂಗಳಗಟ್ಟಲೆ ಹೊಲದಾಗ ಇದ್ದು ಬಂದ ಮಕ್ಕಳದಂತೂ ಇನ್ನೂ ಕಷ್ಟ.

ಸ್ಟೋರಿವೀವರ್ ಹಿಡಿಯೋ ಹಿಂದಿನ ವರ್ಷ ನನ್ನ ರೊಕ್ಕದಾಗ ಒಂದು ಓದೋ ಆಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಹೆಸರು ಬ್ಯಾಡ. ಪ್ಯಾರಾ ಓದಿ ನಾಲ್ಕು ಉತ್ತರದಾಗ ಒಂದನ್ನ ಒತ್ತಬೇಕು, ಸರಿ ಆದ್ರ ನಾಣ್ಯ ಬೀಳ್ತಾವ, ಹಾಡು ಬರ್ತದ. ಹುಡುಗ್ರು ಮೂರ್ ದಿನದಾಗ ಪ್ಯಾರಾ ಓದೋದನ್ನ ಬಿಟ್ಟು ನಾಲ್ಕೂ ಉತ್ತರ ಪಟಪಟ ಒತ್ತಾಕ ಹತ್ತಿದ್ವು, ಹಸ್ರು ಬಣ್ಣ ಬರೋತನಕ. ನಾಣ್ಯ ಬಾಳ ಕೂಡಿದ್ವು, ಓದು ಇದ್ದಲ್ಲೇ ಇತ್ತು. ಆಗ ನನಗ ಬಾಳ ಬ್ಯಾಸರ ಆತು, ಕಂಪ್ಯೂಟರ್ ಮುಂದ ಕುಂದ್ರಿಸಿದ್ರ ಸಾಕು ಓದಾಕ ಮನಸ್ ಬರ್ತದ ಅಂತ ನಾನೂ ನಂಬಿದ್ದೆ.

ಆಮ್ಯಾಲೆ ಸ್ಟೋರಿವೀವರ್. ಪ್ರಥಮ್ ಬುಕ್ಸ್ ಅಂತ ಬೆಂಗಳೂರಿನ ಸಂಸ್ಥೆ ಮಕ್ಕಳ ಪುಸ್ತಕ ಮಾಡ್ತದಲ್ಲ, ಅವ್ರು 2015ರಾಗ ಸುರು ಮಾಡಿದ್ದು. ಪೂರ್ತಿ ಪುಕ್ಕಟೆ, 300ಕ್ಕೂ ಹೆಚ್ಚು ಭಾಷೆ, ಕನ್ನಡದಾಗೂ ಕಥಿ ಬೇಕಾದಷ್ಟು ಅದಾವ. ನಾಲ್ಕು ಹಂತ ಮಾಡ್ಯಾರ, ಒಂದನೇ ಹಂತ 250 ಶಬ್ದದ ಒಳಗ, ಎರಡನೇದು 600ರ ತನಕ, ಮೂರನೇದು 1500ರ ತನಕ, ನಾಲ್ಕನೇದು ಅದಕ್ಕಿಂತ ದೊಡ್ಡದು. ನಮಗ ಎಲ್ಲಕ್ಕಿಂತ ಉಪಕಾರ ಆಗಿದ್ದು ಪಿಡಿಎಫ್. ಮನ್ಯಾಗ ಇಳಿಸ್ಕೊಂಡು ಪೆನ್ ಡ್ರೈವ್‌ನ್ಯಾಗ ಒಯ್ದ್ರ ಸಾಲಿಯೊಳಗ ನೆಟ್ ಬೇಕಾಗಿಲ್ಲ. ಧ್ವನಿ ಜೊತಿ ಶಬ್ದ ಹೊಳಿತಾ ಹೋಗೋ ಕಥಿನೂ ಇರ್ತಾವ, ಕಿವಿ ಕೇಳಿದ್ದನ್ನ ಕಣ್ಣು ಅದೇ ಹೊತ್ತಿಗೆ ಹಿಡೀತದ. ಸಿನಿಮಾ ಹಾಡಿನ ಕೆಳಗ ಅದೇ ಭಾಷೆ ಸಾಲು ಹಾಕಿದ್ರ ಮಂದಿ ಗೊತ್ತಿಲ್ದಂಗ ಓದು ರೂಢಿ ಮಾಡ್ಕೋತಾರ ಅಂತ 1996ರಾಗ ಅಹಮದಾಬಾದ್ ಐಐಎಂನ ಬ್ರಿಜ್ ಕೊಠಾರಿ ಅವ್ರು ಹೊರಟಿದ್ರಲ್ಲ, ಇದೂ ಅದೇ ದಾರಿದು.

ಆದ್ರ ಸೈಟು ತೆರ್ದು ಕೊಟ್ಟ ತಕ್ಷಣ ಏನೂ ಆಗ್ಲಿಲ್ಲ, ಇದನ್ನ ಸ್ಪಷ್ಟ ಹೇಳ್ತೀನಿ. ಹನ್ನೆರಡು ಹದಿಮೂರು ವಯಸ್ಸಿನ ಹುಡುಗಗ ಒಂದನೇ ಹಂತದ ಚಿತ್ರದ ಪುಸ್ತಕ ಕೊಟ್ರ ಅವಮಾನ ಆಗ್ತದ. ಮೀಸಿ ಚಿಗುರೋ ಹೊತ್ತು ಅದು. ಹಿಂದಿನ ಬೆಂಚಿನವ ಒಬ್ಬ ಪರದೆ ಮ್ಯಾಲೆ ಆನಿ ಚಿತ್ರ ನೋಡಿ ಮಾರಿ ತಿರುವಿಕೊಂಡ. ಆ ಮಾರಿ ನೋಡಿ ನನಗ ರಾತ್ರಿಯೆಲ್ಲಾ ಅದೇ ವಿಚಾರ. ಮರುದಿನ ಎರಡನೇತ್ತೆ ಟೀಚರ್ ಹಂತ್ಯಾಕ ಹೋಗಿ ಕೇಳಿದೆ, ಅಕ್ಕಾ, ಶನಿವಾರ ನಿಮ್ಮ ಮಕ್ಳಿಗೆ ನಮ್ಮ ಹುಡುಗ್ರು ಕಥಿ ಓದಿ ಹೇಳ್ಲಿ ಏನು ಅಂತ. ಹ್ಞೂಂ ಕಳಸ್ರಿ ಸರ್ ಅಂದ್ರು.

ಅಲ್ಲಿಂದ ಎಲ್ಲಾ ಬದಲಾತು. ಈಗ ಅದೇ ಸಣ್ಣ ಪುಸ್ತಕ ಅವನು ತನಗೋಸ್ಕರ ಓದ್ತಿಲ್ಲ, ಸಣ್ಣವರಿಗೆ ಹೇಳಾಕ ತಯಾರಿ ಮಾಡ್ಕೋತಾನ. ತಪ್ಪಿದ್ರ ಎರಡನೇತ್ತೆ ಹುಡುಗ್ರ ಮುಂದ ಮರ್ಯಾದಿ ಹೋಗ್ತದ ಅಂತ ನಾಲ್ಕು ಸಲ, ಐದು ಸಲ ಓದ್ತಾನ. ಒಂದೇ ತುಣುಕನ್ನ ಮತ್ತ ಮತ್ತ ಓದಿಸಿದ್ರ ಓದು ಸರಾಗ ಆಗ್ತದ ಅಂತ ಅಮೆರಿಕಾದ ಜೇ ಸ್ಯಾಮ್ಯುಯೆಲ್ಸ್ ಅನ್ನೋರು 1979ರಾಗೇ ಬರ್ದಾರ, ತರಬೇತಿಯೊಳಗ ನಾವೆಲ್ಲಾ ಕೇಳೀವಿ. ಆದ್ರ ಏಳನೇತ್ತೆ ಹುಡುಗಗ ಅದನ್ನೇ ಮತ್ತೊಮ್ಮೆ ಓದಪ್ಪಾ ಅಂದ್ರ ಯಾಕ್ರೀ ಸರ್ ಅಂತಾನ. ಆ ಯಾಕಿಗೆ ಉತ್ತರ ಸಿಕ್ಕಿತ್ತು. ಮೊಬೈಲ್‌ನ್ಯಾಗ ತಾವ ಓದಿದ್ದನ್ನ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕ್ಕೊಂಡು, ಪುಟ ತೆರ್ದಿಟ್ಟು ಕೇಳ್ತಾರ. ಎಲ್ಲಿ ತಡವರ್ಸೀನಿ ಅನ್ನೋದು ತಮಗ ತಿಳೀತದ, ನಾ ಬಾಯಿ ತೆಗ್ಯೋದೇ ಬ್ಯಾಡ. ಮಾರಿ ತಿರುವಿದ್ದ ಹುಡುಗ ಮೂರನೇ ವಾರಕ್ಕ, ಸರ್ ಇನ್ನೊಮ್ಮೆ ರೆಕಾರ್ಡ್ ಮಾಡ್ತೀನಿ, ಹುಲಿ ಮಾತಾಡೋದು ಸರಿ ಬಂದಿಲ್ಲ ಅಂದ. ಹುಲಿ ಧ್ವನಿ ಹೆಂಗಿರ್ಬೇಕು ಅನ್ನೋದು ಅರ್ಥ ಆದವನಿಗಷ್ಟೇ ಹೊಳೀತದ ಅಲ್ರೀ.

ಇನ್ನ ಟೈಪಿಂಗ್. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಕೀಲಿಮಣೆಯೊಳಗ ಒತ್ತಕ್ಷರ ಬೇಕಂದ್ರ ನಡುವ ಎಫ್ ಒತ್ತಬೇಕು. ಸ್ತ್ರೀ ಅಂತ ಬರ್ಯಾಕ ಸ, ಎಫ್, ತ, ಎಫ್, ರ, ಆಮ್ಯಾಲೆ ದೀರ್ಘ ಈ. ಅಂದ್ರ ಶಬ್ದನ್ನ ಬಿಚ್ಚಿ ಯಾವ ಸದ್ದಿನ ಹಿಂದ ಯಾವುದು ಅಂತ ಕೇಳಿಸ್ಕೊಳ್ದೇ ಟೈಪ್ ಮಾಡಾಕ ಬರಂಗಿಲ್ಲ. ಬೋರ್ಡಿನ ಮ್ಯಾಲೆ ಆರು ವರ್ಷ ಹೇಳಿದ್ರೂ ಹತ್ತದ ಒತ್ತಕ್ಷರ ಕೆಲವರಿಗೆ ಬೆರಳಿನಿಂದ ಹತ್ತಿತು. ಮಹಾಪ್ರಾಣಕ್ಕ ಶಿಫ್ಟ್ ಒತ್ತಬೇಕು ಅಂತಾದ ಮ್ಯಾಲೆ ದನ ಯಾವುದು ಧನ ಯಾವುದು ಅನ್ನೋದೂ ಹತ್ತಿತು.

ನನಗ ಬಾಳ ಖುಷಿ ಕೊಟ್ಟಿದ್ದು ತಾಂಡಾದ ಒಬ್ಬ ಹುಡುಗಿ ಕೆಲ್ಸ. ಈ ಕಥಿಗಳಿಗೆ ಸಿಸಿ ಬಿವೈ 4.0 ಅನ್ನೋ ಪರವಾನಗಿ ಐತಿ, ಬರ್ದವರ, ಚಿತ್ರ ತೆಗ್ದವರ ಹೆಸರು ಹಾಕಿ ಯಾರು ಬೇಕಾದ್ರೂ ಅನುವಾದ ಮಾಡಬಹುದು, ಪ್ರಿಂಟ್ ಹಾಕಬಹುದು. ಇದನ್ನ ಹೇಳಿದಾಗ ಆಕಿ, ಹಂಗಾದ್ರ ನಮ್ಮ ಆಯಿಗೆ ತಿಳಿಯಂಗ ಲಂಬಾಣಿಯೊಳಗ ಮಾಡ್ಲೇನ್ರಿ ಅಂದ್ಲು. ಕನ್ನಡ ಅಕ್ಷರದಾಗ ಲಂಬಾಣಿ ಮಾತು, ಎರಡನೇ ಹಂತದ ಕಥಿ, ಲಿಬ್ರೆ ಆಫೀಸ್ ಅನ್ನೋ ಸಾಫ್ಟ್‌ವೇರ್‌ನ್ಯಾಗ ಒಂದೂವರೆ ತಿಂಗಳು ಕುಂತು ಮಾಡಿದ್ಲು. ಪೆಚ್ಚುಮೋರೆ ಅನ್ನೋ ಶಬ್ದಕ್ಕ ಎರಡು ದಿನ ನಿಂತ್ಲು. ಸುಮ್ನ ಓದಿದ್ರ ದಾಟಿ ಹೋಗಿರ್ತಿದ್ಲು, ಅನುವಾದ ಮಾಡಬೇಕಂದ್ರ ದಾಟಾಕ ಬರಂಗಿಲ್ಲ. ನನ್ನ ಕೇಳಿದ್ಲು, ನಾ ಮಾರಿ ಮಾಡಿ ತೋರ್ಸಿದೆ, ಮನಿಗಿ ಹೋಗಿ ಆಯಿ ಮುಂದ ಅದೇ ಮಾರಿ ಮಾಡಿ ಅವರ ಮಾತಿನ ಶಬ್ದ ತಗೊಂಡು ಬಂದ್ಲು. ಮನಿ ಮಾತು ಸಾಲಿಗೆ ಬಂದು ಕೆಲ್ಸಕ್ಕ ಬಿತ್ತು. ಕೊನಿ ಪುಟದಾಗ ಮೂಲ ಲೇಖಕರ ಹೆಸರಿನ ಕೆಳಗ ತನ್ನ ಹೆಸರು ಟೈಪ್ ಮಾಡಿದ ದಿನ ಆಕಿ ಮಾರಿ ನೋಡಬೇಕಿತ್ತು ನೀವು.

ಅದನ್ನ ನೋಡಿ ಉಳಿದವ್ರು ನಾವೂ ಸ್ವಂತ ಕಥಿ ಮಾಡ್ತೀವಿ ಅಂತ ಗಂಟುಬಿದ್ರು. ಮಸ್ಕಿ ಅಶೋಕನ ಶಾಸನ ನಮ್ಮ ಬಗಲಾಗೇ ಐತಿ, 1915ರಾಗ ಬಂಗಾರದ ಗಣಿ ಇಂಜಿನಿಯರ್ ಬೀಡನ್ ಅನ್ನೋರ ಕಣ್ಣಿಗೆ ಬಿದ್ದಿದ್ದು, ಶಾಸನಗಳೊಳಗ ಬರೋ ದೇವಾನಾಂಪ್ರಿಯ ಅನ್ನೋ ರಾಜ ಅಂದ್ರ ಅಶೋಕನೇ ಅನ್ನೋದಕ್ಕ ಆಧಾರ ಕೊಟ್ಟ ಬಂಡೆಗಲ್ಲು ಅದು. ಹುಡುಗ್ರು ಹೋಗಿ ಫೋಟೊ ತೆಗ್ದು ಬಂದು ಎಂಟು ಸ್ಲೈಡಿನ ಕಥಿ ಮಾಡಿದ್ರು. ಬರ್ಯಾಕ ಬೇಕಾಗಿ ಸಮಾಜ ವಿಜ್ಞಾನ ಪುಸ್ತಕ ತಾವ ತೆರ್ದು ಓದಿದ್ರು, ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೂ ಹೋಗಿ ಬಂದ್ರು. ಓದ್ರಿ ಅಂತ ನಾ ಹೇಳಿರ್ಲಿಲ್ಲ.

ಎಲ್ಲಾ ಸರಿ ಹೋತು ಅಂತ ಹೇಳಂಗಿಲ್ಲ. ಆ ಹನ್ನೆರಡು ಮಂದ್ಯಾಗ ಮೂವರು ಇನ್ನೂ ತಡವರಿಸ್ತಾರ, ಅವರಿಗೆ ಪರದೆಗಿಂತ ಬಾಜೂ ಕುಂತು ಬೆರಳಿಟ್ಟು ಓದಿಸೋರು ಬೇಕು. ಮೂರು ಕಂಪ್ಯೂಟರಿಗೆ 34 ಹುಡುಗ್ರು ಅಂದ್ರ ಒಬ್ಬೊಬ್ಬರಿಗೆ ವಾರಕ್ಕ ಅರ್ಧ ತಾಸು ಸಿಕ್ರ ಹೆಚ್ಚು. ಬ್ಯಾಟರಿ ಹೋಗಿ ಎಂಟು ತಿಂಗಳಾತು, ಕರೆಂಟ್ ಹೋದ್ರ ಟೈಪ್ ಮಾಡಿದ್ದೂ ಹೋಗ್ತದ, ಅದಕ್ಕ ಎರಡು ಸಾಲಿಗೊಮ್ಮೆ ಸೇವ್ ಮಾಡೋ ರೂಢಿ ಹಚ್ಚೀನಿ.

ನೀವು ಸುರು ಮಾಡೋದಿದ್ರ ಹಂತ ನೀವ ಹೇರಬ್ಯಾಡ್ರಿ. ಇಪ್ಪತ್ತು ಮೂವತ್ತು ಕಥಿ ಒಂದು ಫೋಲ್ಡರಿಗೆ ಹಾಕಿ, ಫೈಲಿನ ಹೆಸರಿನೊಳಗ ಹಂತದ ನಂಬರ್ ಇಡದ, ಆರಿಸ್ಕೊಳ್ಳಾಕ ಬಿಡ್ರಿ. ಹತ್ತು ಪುಟದಾಗ ಬ್ಯಾಸರ ಬಂದ್ರ ಬಿಟ್ಟು ಬ್ಯಾರೆ ತಗೋಳಾಕೂ ಬಿಡ್ರಿ. ಕೇಳೋರನ್ನ ಮಾತ್ರ ಮೊದ್ಲೇ ಗೊತ್ತು ಮಾಡ್ರಿ, ಎರಡನೇತ್ತೆ ಮಕ್ಳಾಗ್ಲಿ, ಮನ್ಯಾಗಿನ ಆಯಿ ಆಗ್ಲಿ. ನಮ್ಮ ಫೋಲ್ಡರ್ ಬೇಕಂದ್ರ ಮಸ್ಕಿ ಕಡೆ ಮಾಸ್ತರು ಟೀಚರು ಪೆನ್ ಡ್ರೈವ್ ತಗೊಂಡು ಶನಿವಾರ ಮುಂಜಾನಿ ಬರ್ರಿ, ಎರಡನೇತ್ತೆ ಕೋಣ್ಯಾಗ ಓದು ನಡ್ದಿರ್ತದ, ಅದನ್ನೂ ಕೇಳ್ಕೊಂಡು ಹೋಗೀರಂತ.