ತಮ್ಮನ ಅನಿಮೇಷನ್ ಓದಿಗೆ ನಾವು ಪ್ರಯತ್ನಿಸಿದ ವಿದ್ಯಾರ್ಥಿವೇತನಗಳು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಡುವ ದಿನ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಅಂಥ ದಿನವೇ ನನ್ನ ತಮ್ಮ ಅಪ್ಪನ ಗೂಡಿನ ಲೆಕ್ಕದ ಪುಸ್ತಕದ ಮೂಲೆಗಳಲ್ಲಿ ಹುಳು ಬರೆದಿದ್ದ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟರೆ ಹುಳು ತಲೆಯನ್ನು ಇಂಗ್ಲಿಷಿನ ಎಂಟರಂತೆ ಆಡಿಸುತ್ತಾ ನೂಲು ಬಿಡುತ್ತಿತ್ತು. "ಅಕ್ಕಾ, ಸೆಕೆಂಡಿಗೆ 24 ಚೌಕಟ್ಟು ಇರುತ್ತವೆ. ಜಪಾನಿನ ಅನಿಮೆಯಲ್ಲಿ ಎಷ್ಟೋ ಕಡೆ ಎಂಟೇ ಚಿತ್ರ ಬರೆದು, ಒಂದೊಂದನ್ನೂ ಮೂರು ಚೌಕಟ್ಟು ನಿಲ್ಲಿಸುತ್ತಾರೆ" ಎಂದ. ಇವನು ಇದನ್ನೇ ಓದಲಿ ಎಂದು ನನಗೆ ಅಂದೇ ಅನ್ನಿಸಿತು. ದುಡ್ಡಿನ ದಾರಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

'ಅನಿಮೇಷನ್ ವಿದ್ಯಾರ್ಥಿವೇತನ' ಎಂದೇ ಹುಡುಕಲು ಹೊರಟು ಒಂದು ತಿಂಗಳು ಕಳೆದುಕೊಂಡೆ. ಆ ಹೆಸರಿನಲ್ಲಿ ಮೊದಲು ಸಿಕ್ಕಿದ್ದು ಒಂದು ಖಾಸಗಿ ತರಬೇತಿ ಸಂಸ್ಥೆಯ ಪರೀಕ್ಷೆ. ಮೊಬೈಲಿನಲ್ಲಿ ಅರ್ಧ ಗಂಟೆ, ಸುಲಭದ ಪ್ರಶ್ನೆಗಳು. ಮರುದಿನವೇ ಶೇ. 50 ವಿದ್ಯಾರ್ಥಿವೇತನ ಬಂದಿದೆ, ಮೂರು ದಿನದೊಳಗೆ ಮುಂಗಡ ಕಟ್ಟಿ ಎಂದು ಫೋನು ಬಂತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಕೊನೆಗೆ ಸಿಗುವುದು ವಿಶ್ವವಿದ್ಯಾಲಯದ ಪದವಿಯೇ? ಅಲ್ಲ, ಸಂಸ್ಥೆಯದೇ ಪ್ರಮಾಣಪತ್ರ. ಅದಕ್ಕೆ ಸೇರಿದ್ದರೆ ಸರ್ಕಾರದ ಪದವಿ ವಿದ್ಯಾರ್ಥಿವೇತನಗಳೆಲ್ಲ ಕೈತಪ್ಪುತ್ತಿದ್ದವು. ಅರ್ಧ ಶುಲ್ಕ ಉಳಿಯಿತೆಂದು ನಂಬಿ ಸೇರುವ ಮನೆಗಳು ಎಷ್ಟಿವೆಯೋ, ನೆನೆದರೆ ಸಂಕಟವಾಗುತ್ತದೆ. ತಮ್ಮನನ್ನು ವಿಶ್ವವಿದ್ಯಾಲಯದ ಸಂಯೋಜನೆಯುಳ್ಳ ಬೆಂಗಳೂರಿನ ಕಾಲೇಜಿಗೆ, ಅನಿಮೇಷನ್ ಇರುವ ದೃಶ್ಯಕಲಾ ಪದವಿಗೆ ಸೇರಿಸಿದೆವು.

ಆಮೇಲೆ ಆಯ್ಕೆ ಉಳಿದದ್ದು ರಾಜ್ಯದ ಎಸ್‌ಎಸ್‌ಪಿ ಮತ್ತು ಕೇಂದ್ರದ ಎನ್‌ಎಸ್‌ಪಿ ಎಂಬ ಎರಡು ಸರ್ಕಾರಿ ವಿದ್ಯಾರ್ಥಿವೇತನ ಪೋರ್ಟಲ್‌ಗಳ ನಡುವೆ. ಎರಡರಲ್ಲೂ ಅನಿಮೇಷನ್ ಎಂಬ ಮಾತೇ ಇಲ್ಲ, ಪದವಿ ಯಾವ ವಿಷಯದ್ದಾದರೂ ನಡೆಯುತ್ತದೆ. ಎನ್‌ಎಸ್‌ಪಿಯಲ್ಲಿರುವ ಕೇಂದ್ರ ವಲಯದ ಯೋಜನೆ ಪದವಿಯ ಮೂರು ವರ್ಷ ತಲಾ 12,000 ರೂಪಾಯಿ ಕೊಡುತ್ತದೆ. ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ. 20ರೊಳಗೆ ಬರಬೇಕು, ಮನೆಯ ವರಮಾನ ನಾಲ್ಕೂವರೆ ಲಕ್ಷ ಮೀರಬಾರದು. ಪ್ರತಿ ವರ್ಷ ನವೀಕರಿಸಲು ಶೇ. 50 ಅಂಕ, ಶೇ. 75 ಹಾಜರಿ ಇರಬೇಕು. ಚಿಕ್ಕಮ್ಮನ ಮಗಳು ಇದನ್ನೇ ಪಡೆಯುತ್ತಿದ್ದಾಳೆ. ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ, ರಾಜ್ಯದ್ದಾದರೂ ಸರಿ, ಇದು ಸಿಗುವುದಿಲ್ಲ. ತಮ್ಮನ ಅಂಕಕ್ಕೆ ಇದೂ ಸಿಗುತ್ತಿತ್ತು, ಆದ್ದರಿಂದ ಕೂತು ಲೆಕ್ಕ ಹಾಕಬೇಕಾಯಿತು.

ಎಸ್‌ಎಸ್‌ಪಿಯಲ್ಲಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಎಂಬ ಊಟ-ವಸತಿ ನೆರವಿನಿಂದ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ 15,000 ಸಿಗುತ್ತಿತ್ತು. ಅಪ್ಪನ ಹೆಸರಿನಲ್ಲಿ ಜಮೀನಿದ್ದು ಫ್ರೂಟ್ಸ್ ಎಂಬ ರೈತರ ನೋಂದಣಿಯ ಗುರುತಿನ ಸಂಖ್ಯೆ ಇದ್ದುದರಿಂದ ರೈತರ ಮಕ್ಕಳಿಗೆಂದಿದ್ದ ರೈತ ವಿದ್ಯಾನಿಧಿಯ 5,000 ಬೇರೆ ಸಿಗುತ್ತಿತ್ತು (ಹೆಣ್ಣುಮಕ್ಕಳಿಗೆ ಆಗ 5,500). ನಾವು ರಾಜ್ಯದ್ದನ್ನೇ ಆರಿಸಿದೆವು. ಜಮೀನಿಲ್ಲದ, ಮೀಸಲು ವರ್ಗಕ್ಕೂ ಸೇರದ, ಆದರೆ ಅಂಕ ಚೆನ್ನಾಗಿರುವ ಮಗುವಿಗೆ ಎನ್‌ಎಸ್‌ಪಿಯೇ ಮೇಲು ಎನ್ನುತ್ತೇನೆ.

ರಾಜ್ಯದ ದಾರಿಯಲ್ಲಿ ಕಾಗದಪತ್ರ ಹೆಚ್ಚು. ನಾಡಕಚೇರಿಯ ಜಾತಿ, ವರಮಾನ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ವರಮಾನದ್ದಕ್ಕೆ ಐದೇ ವರ್ಷ ಆಯಸ್ಸು, ನಮ್ಮದು ಮುಗಿದಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಬ್ಯಾಂಕ್ ಖಾತೆ. ಮಂಜೂರಾಗಿದೆ ಎಂದು ಪೋರ್ಟಲ್ ತೋರಿಸುತ್ತದೆ, ಖಾತೆಯಲ್ಲಿ ಮಾತ್ರ ಹಣವಿಲ್ಲ. ಎರಡು ತಿಂಗಳು ಓಡಾಡಿದ ಮೇಲೆ ಕಾರಣ ತಿಳಿಯಿತು. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಧಾರ್ ಜೋಡಣೆಯಾಗಿರುವ ಖಾತೆಗೆ. ತಮ್ಮನ ಆಧಾರ್ ಜೋಡಣೆಯಾಗಿದ್ದು ಏಳನೇ ತರಗತಿಯಲ್ಲಿ ತೆರೆದು ಮರೆತ ಖಾತೆಗೆ. ಆ ಹಳೆಯ ಪಾಸ್‌ಬುಕ್ಕನ್ನು ಅಮ್ಮ ದೇವರ ಗೂಡಿನ ಕೆಳಗಿನಿಂದ ತೆಗೆದುಕೊಟ್ಟಳು. ಖಾತೆಯನ್ನು ಮತ್ತೆ ಚಾಲ್ತಿಗೆ ತಂದ ಮೇಲೆ ಹಣ ಬಂತು. ಅರ್ಜಿ ತುಂಬುವ ಮುನ್ನವೇ ಇದನ್ನು ನೋಡಿಕೊಳ್ಳಿ.

ಅನಿಮೆಯನ್ನೇ ಕನಸು ಕಾಣುವವರಿಗೆ ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ ಇದೆ. ದುಡ್ಡಿನಲ್ಲಿ ಇದಕ್ಕೆ ಸಾಟಿಯಿಲ್ಲ: ಶುಲ್ಕವಿಲ್ಲ, ವಿಮಾನದ ಖರ್ಚು ಅವರದೇ, ಪದವಿಗೂ, ಕಸುಬು ಕಲಿಸುವ ವಿಶೇಷ ತರಬೇತಿ ಕಾಲೇಜಿಗೂ ತಿಂಗಳಿಗೆ 1,17,000 ಯೆನ್. ಅಲ್ಲಿ ಅನಿಮೇಷನ್ ಕಲಿಸುವ ಶಾಲೆಗಳು ಬಹುಪಾಲು ಈ ಎರಡನೆಯ ಬಗೆಯವು. ಇದರಲ್ಲಿ ಮೊದಲ ವರ್ಷ ಜಪಾನಿ ಭಾಷೆ, ಬಳಿಕ ಎರಡು ವರ್ಷ ಓದು. ಆಯ್ಕೆ ರಾಯಭಾರ ಕಚೇರಿಯ ಮೂಲಕ. ಲಿಖಿತ ಪರೀಕ್ಷೆಗೆ ಇಂಗ್ಲಿಷ್, ಗಣಿತ, ಜಪಾನಿ. ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅಡುಗೆಮನೆಯ ಗಡಿಯಾರ ಎದುರಿಗಿಟ್ಟು ತಮ್ಮನನ್ನು ಬರೆಯಲು ಕೂರಿಸಿದೆ. ಇಂಗ್ಲಿಷ್ ನಡೆಯಿತು. ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವನಿಗೆ ಗಣಿತದ ಅರ್ಧ ಪ್ರಶ್ನೆಗಳು ಅರ್ಥವೇ ಆಗಲಿಲ್ಲ.

ಅದಕ್ಕೇ ಈ ವರ್ಷ ಅರ್ಜಿ ಹಾಕಿಲ್ಲ. ವಯಸ್ಸಿನ ಮಿತಿ ಇನ್ನೂ ದೂರವಿದೆ. ಶನಿವಾರ ಊರಿಗೆ ಬಂದಾಗ ಪಕ್ಕದ ಮನೆಯ ಮೇಷ್ಟರ ಹತ್ತಿರ ತ್ರಿಕೋನಮಿತಿ ಹೇಳಿಸಿಕೊಳ್ಳುತ್ತಾನೆ. ಅಪ್ಪನ ಲೆಕ್ಕದ ಪುಸ್ತಕದ ಮೂಲೆಗಳಲ್ಲಿ ಈಗ ಜಪಾನಿಯ ಹಿರಗಾನ ಅಕ್ಷರಗಳಿವೆ.